ಗೋಪುರಕ್ಕೆ ಕೇಳಿಸದ ಕರೆಗಳು

ಕುರುಗೋಡಿನಲ್ಲಿ ದೊಡ್ಡಬಸವೇಶ್ವರನ ತೇರು ಎಂದಿಟ್ಟುಕೊಳ್ಳಿ. ಮೊಬೈಲಿನಲ್ಲಿ ಸಿಗ್ನಲ್ ಕಡ್ಡಿಗಳೆಲ್ಲ ತುಂಬಿವೆ, ಆದರೂ ಕರೆ ಹೋಗದು. ಅದೇ ಹೊತ್ತಿಗೆ ಸಿರುಗುಪ್ಪದ ಕಡೆ ಭತ್ತದ ಗದ್ದೆಯಲ್ಲಿ ನಿಂತ ರೈತನ ಸುತ್ತ ಜನಸಂದಣಿಯೇ ಇಲ್ಲ. ಆದರೆ ಅವನಿಗೆ ಒಂದು ಕಡ್ಡಿಯೂ ಕಾಣದು. ಇಬ್ಬರೂ ಹೇಳುವುದು ಒಂದೇ ಮಾತು: ‘ನೆಟ್‌ವರ್ಕ್ ಸರಿಯಿಲ್ಲ’. ಆದರೆ ರೋಗ ಬೇರೆ, ಮದ್ದೂ ಬೇರೆ.

ಮೊದಲನೆಯದು ದಟ್ಟಣೆ. ಒಂದು ಗೋಪುರ ಏಕಕಾಲಕ್ಕೆ ನಿಭಾಯಿಸಬಲ್ಲ ಕರೆಗಳಿಗೆ ಮಿತಿಯುಂಟು. ದಾರಿಗಳು ಇಷ್ಟಿದ್ದರೆ ಎಷ್ಟು ಕರೆಗಳಿಗೆ ಜಾಗ ಸಿಗದು ಎಂಬುದನ್ನು ಡೆನ್ಮಾರ್ಕಿನ ಗಣಿತಜ್ಞ ಎರ್ಲಾಂಗ್ 1917ರಲ್ಲೇ ಸೂತ್ರಕ್ಕಿಳಿಸಿದ್ದರು. ಪಕ್ಕದ ಗೋಪುರಗಳಿಗೆ ಹೊರೆ ಹಂಚುವುದು, ಜಾತ್ರೆಗೆ ವಾಹನದ ಮೇಲಿನ ತಾತ್ಕಾಲಿಕ ಗೋಪುರ ತರುವುದು ಇದಕ್ಕೆ ಪರಿಹಾರ. ಎರಡನೆಯದು ವ್ಯಾಪ್ತಿಯ ಕೊರತೆ. ಅಲ್ಲಿ ಆಂಟೆನಾದ ಓರೆಯನ್ನು ಸರಿಪಡಿಸಬೇಕು, ಇಲ್ಲವೇ ಹೊಸ ಗೋಪುರ ನಿಲ್ಲಿಸಬೇಕು.

ದಟ್ಟಣೆಯಿಂದ ಹಿಂದಿರುಗಿದ ಕರೆ ಗೋಪುರದ ಲೆಕ್ಕಕ್ಕೆ ಸಿಗುತ್ತದೆ. ಸಿಗ್ನಲ್ಲೇ ಇಲ್ಲದವನ ಕರೆ ಗೋಪುರವನ್ನು ಮುಟ್ಟುವುದೇ ಇಲ್ಲ! ಪರೀಕ್ಷೆಗೇ ಬಾರದ ಹುಡುಗನ ಉತ್ತರಪತ್ರಿಕೆಯನ್ನು ಯಾವ ಮೇಷ್ಟ್ರು ತಿದ್ದಿಯಾರು?

ಲೆಕ್ಕಕ್ಕೆ ಸಿಕ್ಕ ಕರೆಗಳೂ ಸರಾಸರಿಯಲ್ಲಿ ಮುಚ್ಚಿಹೋಗಬಹುದು. ಸಮಾನ ಕರೆಗಳಿರುವ 100 ಗೋಪುರಗಳಿವೆ ಎನ್ನಿ. ಬಳ್ಳಾರಿ ನಗರದಂಥ ಕಡೆಯ 98ರಲ್ಲಿ ನೂರಕ್ಕೆ 1 ಕರೆ, ಹಳ್ಳಿಯ 2ರಲ್ಲಿ ನೂರಕ್ಕೆ 40 ಕರೆ ನಡುವೆ ಕಡಿದರೆ ಸರಾಸರಿ ಶೇ 1.78. ಶೇ 2ರ ಮಿತಿಯೊಳಗೇ ಇದೆ! ಆ ಎರಡು ಊರುಗಳ ಪಾಡು ಮಾತ್ರ ಕೇಳುವಂತಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2017ರಲ್ಲಿ ಬರೀ ಸರಾಸರಿಯನ್ನು ನೆಚ್ಚುವುದನ್ನು ಬಿಟ್ಟು, ಜಾಗ ಮತ್ತು ದಿನಗಳ ಏರುಪೇರನ್ನೂ ಅಳೆಯುವ ನಿಯಮ ತಂದದ್ದು ಇಂಥ ಕಾರಣಕ್ಕೇ.

ಅದೇ ವರ್ಷ ಟ್ರಾಯ್ ಬಿಡುಗಡೆ ಮಾಡಿದ ‘ಮೈಕಾಲ್’ ಆ್ಯಪ್ ಮಾತು ಮುಗಿದೊಡನೆ ಗ್ರಾಹಕನನ್ನೇ ಪ್ರಶ್ನಿಸುವಂಥದು: ಕರೆ ಹೇಗಿತ್ತು? ಮನೆಯೊಳಗಿದ್ದಿರೋ, ಹೊರಗೋ, ಪ್ರಯಾಣದಲ್ಲೋ? ಗದ್ದಲವಿತ್ತೇ? ನಡುವೆ ಕಡಿಯಿತೇ? ಇಂಥ ಉತ್ತರಗಳು ಸ್ಥಳದೊಂದಿಗೆ ಸೇರಿದಾಗ ಯಂತ್ರದ ಲೆಕ್ಕದಲ್ಲಿ ಕಾಣದ ಹುಳುಕು ನಕ್ಷೆಯ ಮೇಲೆ ಮೂಡುತ್ತದೆ.

ಆದ್ದರಿಂದ ಓದುಗರೇ, ಕಂಪನಿಗೆ ದೂರು ಕೊಡುವಾಗ ‘ನೆಟ್‌ವರ್ಕ್ ಇಲ್ಲ’ ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. ಊರು, ಓಣಿ, ಗಂಟೆ, ಕಡ್ಡಿಗಳು ಎಷ್ಟಿದ್ದವು ಎಂಬುದನ್ನು ತಿಳಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ರಾತ್ರಿ ಹೆರಿಗೆ ನೋವು ಬಂದಾಗ 108ಕ್ಕೆ ಕರೆ ಹೋಗುವುದೋ ಇಲ್ಲವೋ ಎಂಬುದನ್ನು ಸರಾಸರಿ ಹೇಳಲಾರದು; ಅಲ್ಲಿ ವಾಸಿಸುವವರೇ ಹೇಳಬೇಕು.