ಔಷಧ ಸಿಂಪಡಿಸುವ ಆಳುಗಳ ರಕ್ಷಣೆ: ಅದರ ಫಲವನ್ನು ಅಳೆಯುವ ಕ್ರಮ

ಪೈರುಗಳಿಗೆ ಬೀಳುವ ಹುಳುಗಳನ್ನು ಕೊಲ್ಲತಕ್ಕ ವಿಷೌಷಧಗಳು ಅವುಗಳನ್ನು ಸಿಂಪಡಿಸುವ ಆಳಿನ ಮೈಗೂ ಕೇಡನ್ನುಂಟುಮಾಡುವುವು. ೨೦೧೭ನೆಯ ಇಸವಿಯಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯ ಹತ್ತಿಯ ಹೊಲಗಳಲ್ಲಿ ಔಷಧ ಹೊಡೆದವರ ಪೈಕಿ ನೂರಾರು ಮಂದಿ ಆಸ್ಪತ್ರೆ ಸೇರಿದರು. ಸುಮಾರು ಇಪ್ಪತ್ತು ಮಂದಿ ಪ್ರಾಣವನ್ನೇ ಕಳೆದುಕೊಂಡರು. ಆಳುಗಳಿಗೆ ಕೈಗವಸು, ಮುಖಗವಸು, ಗಂಬೂಟುಗಳನ್ನು ಒದಗಿಸುವ ಯಜಮಾನರು ಅನೇಕರುಂಟು. ಆದರೆ ಒದಗಿಸಿದುದು ಫಲಕಾರಿಯಾಯಿತೇ ಇಲ್ಲವೇ ಎಂದು ಅಳೆದು ನೋಡುವವರು ವಿರಳ. ಗೊಬ್ಬರ ಹಾಕಿದ ಮೇಲೆ ಇಳುವರಿಯನ್ನು ತೂಗದೆ ಗೊಬ್ಬರದ ಗುಣವನ್ನು ನಿರ್ಧರಿಸಲಾಗದು. ಈ ಎಚ್ಚರಿಕೆಗಳ ವಿಷಯವೂ ಹಾಗೆಯೇ. ಅಳೆಯುವ ಮೂರು ಮಾರ್ಗಗಳನ್ನು ಇಲ್ಲಿ ವಿವರಿಸಲಾಗಿದೆ.

೧. ಕಾಯಿಲೆಯ ಲೆಕ್ಕ. ಎಷ್ಟು ಮಂದಿಗೆ ಕಾಯಿಲೆಯಾಯಿತೆಂಬ ಸಂಖ್ಯೆಯೊಂದರಿಂದಲೇ ಏನೂ ತಿಳಿದುಬರುವುದಿಲ್ಲ. ಉದಾಹರಣೆಗೆ, ಒಂದು ತೋಟದಲ್ಲಿ ೪೦ ಆಳುಗಳು ದಿನಕ್ಕೆ ೬ ಗಂಟೆಯಂತೆ ೧೦ ದಿನ ಕೆಲಸಮಾಡಿ, ೩ ಮಂದಿ ಅಸ್ವಸ್ಥರಾದರೆಂದು ಭಾವಿಸೋಣ. ಇನ್ನೊಂದು ತೋಟದಲ್ಲಿ ೧೦ ಆಳುಗಳು ಅಷ್ಟೇ ಕಾಲ ಕೆಲಸಮಾಡಿ, ೨ ಮಂದಿ ಅಸ್ವಸ್ಥರಾದರೆಂದಿಟ್ಟುಕೊಳ್ಳೋಣ. ಮೊದಲನೆಯದರಲ್ಲಿ ದುಡಿದ ಗಂಟೆಗಳು ಒಟ್ಟು ೨,೪೦೦, ಎರಡನೆಯದರಲ್ಲಿ ೬೦೦. ಸಾವಿರ ಗಂಟೆಗೆ ಲೆಕ್ಕಹಾಕಿದರೆ ಮೊದಲನೆಯದರಲ್ಲಿ ೧.೨೫, ಎರಡನೆಯದರಲ್ಲಿ ೩.೩೩ ಆಗುವುದು. ಕಡಮೆ ಮಂದಿ ಮಲಗಿದ ತೋಟದಲ್ಲಿಯೇ ಅಪಾಯವು ಹೆಚ್ಚೆಂದು ಇದರಿಂದ ಸ್ಪಷ್ಟವಾಗುವುದು. ಕಾರ್ಖಾನೆಗಳಲ್ಲಿಯೂ ಇದೇ ತತ್ತ್ವವನ್ನನುಸರಿಸಿ, ಹತ್ತು ಲಕ್ಷ ಗಂಟೆಗಳ ದುಡಿಮೆಗೆ ಎಷ್ಟು ಅಪಘಾತಗಳೆಂದು ಗುಣಿಸುವ ಪದ್ಧತಿಯುಂಟು.

ಈ ಲೆಕ್ಕಕ್ಕೆ ಎರಡು ಕೊರತೆಗಳಿವೆ. ವಿಷವು ಮೈಗೇರಿದಾಗ ತೋರುವ ತಲೆಸುತ್ತು, ವಾಕರಿಕೆ, ಅತಿಯಾದ ಬೆವರು, ಜೊಲ್ಲು, ಕಣ್ಣು ಮಂಜಾಗುವುದು ಮುಂತಾದ ಚಿಹ್ನೆಗಳನ್ನು ಬಿಸಿಲಿನ ಬಾಧೆಯೆಂದು ತಿಳಿದು ಬಿಟ್ಟುಬಿಡುವುದುಂಟು. ಅದಲ್ಲದೆ, ಕಾಯಿಲೆ ಹೇಳಿಕೊಂಡವನ ಕೂಲಿ ಮುರಿಯುವ ಕಡೆ ಆಳು ಬಾಯಿಬಿಡುವುದಿಲ್ಲ. ಅಂತಹ ತೋಟದ ಪುಸ್ತಕದಲ್ಲಿ ಕಾಣುವ ಸೊನ್ನೆಯು ಆರೋಗ್ಯದ ಗುರುತಲ್ಲ. ಆದುದರಿಂದ, ತಲೆಸುತ್ತಿದೆಯೆಂದು ಹೇಳಿ ಕುಳಿತ ಆಳಿಗೆ ಅಂದಿನ ಕೂಲಿಯನ್ನು ಪೂರ್ತಿಯಾಗಿ ಕೊಟ್ಟು, ಆ ಸಂಗತಿಯನ್ನು ಬರೆದಿಡತಕ್ಕದ್ದು.

೨. ಮೈಗೆ ತಗಲಿದ ಔಷಧದ ಅಳತೆ. ಕಾಯಿಲೆ ಬೀಳುವವರೆಗೆ ಕಾಯದೆ, ವಿಷವು ಎಲ್ಲೆಲ್ಲಿ ಸೋಂಕುವುದೆಂಬುದನ್ನು ಮೊದಲೇ ಕಾಣಬಹುದು. ಸಿಂಪಡಿಸುವವನ ಭುಜ, ಎದೆ, ಮುಂಗೈ, ತೊಡೆಗಳ ಮೇಲೆ ಹೀರುವ ಪಟ್ಟಿಗಳನ್ನಂಟಿಸಿ, ಕೆಲಸವಾದ ಮೇಲೆ ಅವುಗಳಲ್ಲಿ ಸೇರಿದ ವಿಷವನ್ನು ರಸಾಯನಶಾಲೆಯಲ್ಲಿ ಅಳೆಯುವ ಕ್ರಮವನ್ನು ಡರ್ಹಾಮ್ ಮತ್ತು ವುಲ್ಫ್ ಎಂಬ ವಿಜ್ಞಾನಿಗಳು ೧೯೬೨ರಲ್ಲಿ ವಿವರಿಸಿದರು. ಉಸಿರಿನಿಂದ ಒಳಹೋಗುವುದಕ್ಕಿಂತ ಚರ್ಮಕ್ಕೆ ತಗಲುವ ವಿಷವೇ ಸಾಮಾನ್ಯವಾಗಿ ಬಹಳ ಹೆಚ್ಚೆಂದು ಇಂತಹ ಪರೀಕ್ಷೆಗಳಿಂದ ತಿಳಿದುಬಂದಿದೆ. ಆದಕಾರಣ ಮೂಗಿಗೆ ಬಟ್ಟೆ ಕಟ್ಟಿ, ಬರಿಗೈಯಲ್ಲಿ ಔಷಧ ಕಲಸುವವನಿಗೆ ರಕ್ಷಣೆಯಿದೆಯೆಂದು ಹೇಳಲಾಗದು.

ರಸಾಯನಶಾಲೆಯಿಲ್ಲದ ಕಡೆಯೂ ಬೇಸಾಯಗಾರನು ಸುಲಭವಾದ ಪರೀಕ್ಷೆಯೊಂದನ್ನು ಮಾಡಬಹುದು. ಪಂಪನ್ನು ಚೆನ್ನಾಗಿ ತೊಳೆದು, ಔಷಧಕ್ಕೆ ಬದಲಾಗಿ ತಿಂಡಿಗೆ ಹಾಕುವ ಬಣ್ಣವನ್ನು ಬೆರೆಸಿದ ಶುದ್ಧವಾದ ನೀರನ್ನು ತುಂಬಿ, ಹಳೆಯ ಬಿಳಿಯ ಬಟ್ಟೆ ತೊಟ್ಟ ಆಳಿನಿಂದ ವಾಡಿಕೆಯಂತೆ ಸಿಂಪಡಿಸಿ ನೋಡಬೇಕು. ಬೆನ್ನಿನ ಮೇಲೆ ಬಣ್ಣ ಹರಡಿದ್ದರೆ ಪಂಪು ಸೋರುತ್ತಿರಬಹುದು. ತೊಡೆಯ ಮೇಲಿದ್ದರೆ ಒದ್ದೆಯಾದ ಗಿಡಗಳ ನಡುವೆ ನುಗ್ಗಿ ನಡೆದುದರಿಂದಾಗಿರಬಹುದು. ಎದೆ ಮುಖಗಳ ಮೇಲಿದ್ದರೆ ಗಾಳಿಗೆ ಎದುರಾಗಿ ಹೊಡೆದಿರಬಹುದು. ದೋಷವನ್ನು ತಿದ್ದಿದ ಮೇಲೆ ಅದೇ ರೀತಿ ಮತ್ತೊಮ್ಮೆ ನೋಡಿ, ಕಲೆಗಳು ಎಷ್ಟು ಕಡಮೆಯಾದುವೆಂದು ಹೋಲಿಸತಕ್ಕದ್ದು.

೩. ರಕ್ತಪರೀಕ್ಷೆ. ಪ್ರೊಫೆನೊಫಾಸ್ ಮೊದಲಾದ ಆರ್ಗನೋಫಾಸ್ಫೇಟ್ ವರ್ಗದ ಔಷಧಗಳು ನರಗಳ ಕೆಲಸಕ್ಕೆ ಅವಶ್ಯವಾದ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕುಗ್ಗಿಸುವುವು. ಈ ಕುಗ್ಗುವಿಕೆಯನ್ನು ರಕ್ತದಲ್ಲಿ ಅಳೆದು, ಚಿಹ್ನೆಗಳು ತೋರುವುದಕ್ಕೆ ಮುಂಚೆಯೇ ತಿಳಿಯಬಹುದು. ಕಿಣ್ವದ ಪ್ರಮಾಣವು ಮನುಷ್ಯನಿಂದ ಮನುಷ್ಯನಿಗೆ ಬಹಳ ವ್ಯತ್ಯಾಸವಾಗುವುದರಿಂದ, ಸಿಂಪಡಣೆಯ ಕಾಲಕ್ಕೆ ಮೊದಲೇ ಪ್ರತಿಯೊಬ್ಬನ ರಕ್ತವನ್ನು ಪರೀಕ್ಷಿಸಿ, ಆ ಮೂಲ ಅಳತೆಯೊಡನೆಯೇ ಮುಂದಿನವುಗಳನ್ನು ಹೋಲಿಸಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ನಿಯಮದಂತೆ, ಮೂಲ ಅಳತೆಯ ಶೇಕಡ ೮೦ಕ್ಕೆ ಇಳಿದರೆ ಕೆಲಸದ ಕ್ರಮವನ್ನು ಪರಿಶೀಲಿಸತಕ್ಕದ್ದು. ಕೆಂಪು ರಕ್ತಕಣಗಳಲ್ಲಿ ಶೇಕಡ ೭೦ಕ್ಕೆ ಇಲ್ಲವೆ ರಕ್ತದ್ರವದಲ್ಲಿ ಶೇಕಡ ೬೦ಕ್ಕೆ ಇಳಿದರೆ ಆಳನ್ನು ಆ ಕೆಲಸದಿಂದ ಬಿಡಿಸತಕ್ಕದ್ದು. ಭಾರತದಲ್ಲಿಯೂ ೧೯೭೧ರ ಕೀಟನಾಶಕ ನಿಯಮಗಳು ಇಂತಹ ಔಷಧಗಳೊಡನೆ ಕೆಲಸಮಾಡುವವರಿಗೆ ಈ ಪರೀಕ್ಷೆಯನ್ನು ವಿಧಿಸಿದುವು. ಆದರೆ ಇದು ಎಲ್ಲ ವಿಷಗಳಿಗೂ ಅನ್ವಯಿಸುವುದಿಲ್ಲ. ಪೈರಿಥ್ರಾಯ್ಡ್ ಮುಂತಾದ ಬೇರೆ ವರ್ಗದವುಗಳ ಬಾಧೆಯು ಇದರಲ್ಲಿ ಕಾಣದು.

ಹಲವರ ಅಳತೆಯು ಒಟ್ಟಿಗೆ ಇಳಿದಿದ್ದರೆ, ಅದು ಆಳುಗಳ ಅಜಾಗರೂಕತೆಯೆಂದು ಬೈದು ಸುಮ್ಮನಾಗತಕ್ಕದ್ದಲ್ಲ. ಪಂಪು, ಔಷಧದ ಆಯ್ಕೆ, ಕೆಲಸದ ವೇಳೆ, ತೊಳೆಯಲು ನೀರು ಸೋಪುಗಳ ಏರ್ಪಾಡು, ಇವುಗಳಲ್ಲಿ ಯಾವುದು ಕೆಟ್ಟಿದೆಯೆಂದು ಯಜಮಾನನೇ ಹುಡುಕತಕ್ಕದ್ದು. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನು ಗಮನಿಸಿ, ಕೆಂಪಿನದಕ್ಕೆ ಬದಲಾಗಿ ನೀಲಿಯ ಇಲ್ಲವೆ ಹಸುರಿನ ಗುರುತುಳ್ಳ, ಆ ಪೈರಿಗೆ ಒಪ್ಪುವ ಔಷಧವು ದೊರೆಯುವುದಾದರೆ, ಯಾವ ಗವಸಿಗಿಂತಲೂ ಅದೇ ಮೇಲಾದ ರಕ್ಷಣೆ.

ಇಷ್ಟಾದರೂ ಆಳು ಅಸ್ವಸ್ಥನಾದರೆ ಕೂಡಲೇ ಕೆಲಸವನ್ನು ನಿಲ್ಲಿಸಿ, ಬಟ್ಟೆಗಳನ್ನು ಕಳಚಿ, ಮೈಯನ್ನು ಸೋಪು ಹಚ್ಚಿ ತೊಳೆದು, ಔಷಧದ ಡಬ್ಬಿಯ ಚೀಟಿಯೊಡನೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು.