ಗೇರಿಗೊಂದು ಆಸರೆ

ಬೆಳಗಿನ ಏಳೂಕಾಲು ಗಂಟೆ. ಗಬ್ಬೂರ ಕ್ರಾಸ್ ದಾಟಿ ಹುಬ್ಬಳ್ಳಿ–ಧಾರವಾಡ ಬೈಪಾಸ್ ಹಿಡಿದಿದ್ದೆ. ಆಗ ಅದು ಇನ್ನೂ ಎರಡೇ ಪಥದ ರಸ್ತೆ. ಮುಂದೆ ಕಬ್ಬಿಣದ ಸರಳು ಹೇರಿಕೊಂಡ ಲಾರಿಯೊಂದು ತೆವಳುತ್ತಿತ್ತು. ಎದುರಿಗೆ ದೂರದವರೆಗೂ ಖಾಲಿ ಕಂಡಿತು. ನಾಲ್ಕನೇ ಗೇರ್‌ನಲ್ಲಿ ಆಕ್ಸಿಲರೇಟರ್ ತಿರುವಿ ಲಾರಿಯ ಪಕ್ಕಕ್ಕೆ ಬಂದೆ. ಕ್ಲಚ್ ಹಿಡಿದು, ಕಾಲಿನಿಂದ ಐದನೇ ಗೇರ್ ಎತ್ತಿದೆ. ಕ್ಲಚ್ ಬಿಟ್ಟ ಕೂಡಲೇ ಎಂಜಿನ್ ಕಿರುಚಿತು. ಬೈಕ್ ಮಾತ್ರ ಮುಂದೆ ಎಳೆಯಲಿಲ್ಲ. ಗೇರ್ ನಾಲ್ಕರಲ್ಲೂ ಇರಲಿಲ್ಲ, ಐದರಲ್ಲೂ ಇರಲಿಲ್ಲ. ಅಷ್ಟರಲ್ಲಿ ಎದುರಿಗೆ ಬಸ್ಸೊಂದು ಹೆಡ್‌ಲೈಟ್ ಮಿನುಗಿಸುತ್ತ ಬಂತು.

ಬ್ರೇಕ್ ಹಿಡಿದು ಮತ್ತೆ ಲಾರಿಯ ಹಿಂದಕ್ಕೆ ಸರಿದೆ. ಬಸ್ಸು ಸುಯ್ಯೆಂದು ಪಕ್ಕದಲ್ಲಿ ಹೋಯಿತು. ರಸ್ತೆ ಬದಿಗೆ ಬೈಕ್ ನಿಲ್ಲಿಸಿ ಐದು ನಿಮಿಷ ಕುಳಿತೆ. ಮೊಣಕಾಲು ನಡುಗುವುದು ನಿಲ್ಲಲಿಲ್ಲ.

ಡಿಪ್ಲೊಮಾ ಮುಗಿಸಿ ಒಂದೂವರೆ ವರ್ಷ ಅಲೆದ ಮೇಲೆ ಸಿಕ್ಕ ಕೆಲಸ ಅದು. ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಟ್ರೇನಿ. ಎಂಟಕ್ಕೆ ಪಂಚ್ ಆಗಬೇಕು. ಮನೆಯಿಂದ ಎರಡು ಬಸ್ ಬದಲಿಸಿ ಹೋದರೆ ಸಮಯಕ್ಕೆ ಮುಟ್ಟುವ ಖಾತ್ರಿ ಇಲ್ಲ. ಅದಕ್ಕೇ ಅವ್ವ ಸಂಘದಲ್ಲಿ ಸಾಲ ತೆಗೆದು ಸೆಕೆಂಡ್ ಹ್ಯಾಂಡ್ ಬೈಕ್ ಕೊಡಿಸಿದ್ದಳು. ಇನ್ನೂರು ಸಿಸಿಯದ್ದು, ನಲವತ್ತು ಸಾವಿರ ಕಿಲೊಮೀಟರ್ ಓಡಿದ್ದು. ಆ ದಿನದ ಸಂಗತಿಯನ್ನು ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಬೈಕ್ ಮೂಲೆ ಸೇರುತ್ತಿತ್ತು, ಅದರ ಹಿಂದೆಯೇ ಕೆಲಸವೂ ಹೋಗುತ್ತಿತ್ತು.

ಏಳು ನೂರು ರೂಪಾಯಿಯ ಭರವಸೆ

ಗೆಳೆಯರು ತಲೆಗೊಂದು ಸಲಹೆ ಕೊಟ್ಟರು. ‘ಮಾರಿಬಿಡು’ ಎಂದ ಒಬ್ಬ. ‘ಗೇರ್ ಬಾಕ್ಸ್ ಹೋಗಿದೆ, ಎಂಜಿನ್ ಬಿಚ್ಚಬೇಕು’ ಎಂದ ಇನ್ನೊಬ್ಬ. ಒಂದು ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿ ಕೂಡಿಸಲು ಏಳೆಂಟು ಸಾವಿರ ಎಂದರು. ನನ್ನ ಸ್ಟೈಪೆಂಡ್‌ನಲ್ಲಿ ಅದು ದೊಡ್ಡ ಮೊತ್ತ.

ರಾತ್ರಿ ಮೊಬೈಲ್‌ನಲ್ಲಿ ಹುಡುಕುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ಗೇರ್ ಶಿಫ್ಟ್ ಸಪೋರ್ಟ್. ಬೈಕ್ ಕಂಪನಿ ಕೊಡುವುದಲ್ಲ, ಹೊರಗೆ ಬೇರೆಯವರು ತಯಾರಿಸಿ ಮಾರುವ ಸಣ್ಣ ಅಲ್ಯೂಮಿನಿಯಂ ತುಂಡು. ನಡುವೆ ಒಂದು ಬೇರಿಂಗ್, ಜೊತೆಗೆ ಎರಡು ಉದ್ದ ಬೋಲ್ಟ್. ಹಾಕಿಸಿಕೊಂಡವರೆಲ್ಲ ಗೇರ್ ಬೆಣ್ಣೆಯ ಹಾಗೆ ಬೀಳುತ್ತದೆ ಎಂದು ಹೊಗಳಿದ್ದರು. ನನ್ನ ಬೈಕಿಗೆ ಹೊಂದುವುದನ್ನೇ ನೋಡಿ ಏಳು ನೂರು ರೂಪಾಯಿ ಕೊಟ್ಟು ತರಿಸಿದೆ.

ಡಬ್ಬಿ ಹಿಡಿದು ನಮ್ಮ ಓಣಿಯ ಗ್ಯಾರೇಜಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್‌ರನ್ನು ನಾವೆಲ್ಲ ಕಾಕಾ ಅನ್ನುತ್ತೇವೆ. ಅವರು ಡಬ್ಬಿ ತೆರೆದು, ಬೇರಿಂಗ್ ತಿರುಗಿಸಿ ನೋಡಿ, ಮತ್ತೆ ಮುಚ್ಚಿ ಪಕ್ಕಕ್ಕಿಟ್ಟರು.

‘ಇದು ಆಮ್ಯಾಲೆ. ಮೊದ್ಲ ರೋಗ ಏನೈತಿ ಹೇಳು ತಮ್ಮಾ. ಗೇರ್ ಯಾವಾಗ ತಪ್ಪತೈತಿ?’

‘ಹ್ಯಾಂಗ ಹೇಳ್ಲಿ ಕಾಕಾ, ಯಾವಾಗ ಬೇಕಾದ್ರ ತಪ್ಪತೈತಿ.’

‘ಹಂಗಂದ್ರ ನೀ ನೋಡೇ ಇಲ್ಲ’ ಎಂದರು.

ಡಿಪ್ಲೊಮಾದಲ್ಲಿ ಮಷೀನ್ ಡ್ರಾಯಿಂಗ್‌ನಲ್ಲಿ ಒಳ್ಳೆಯ ಅಂಕ ಪಡೆದವನು ನಾನು. ಆ ಮಾತು ಚುಚ್ಚಿತು.

ಕಾಲಿನಿಂದ ಗೇರಿನವರೆಗೆ

ಗೇರ್ ಲಿವರ್ ಒತ್ತಿದಾಗ ಏನಾಗುತ್ತದೆ ಎಂಬುದನ್ನು ಅಂದು ಕಾಕಾ ಬೈಕಿನ ಮುಂದೆಯೇ ತೋರಿಸಿದರು. ನನ್ನ ಬೈಕಿನಂತೆ ಫುಟ್‌ರೆಸ್ಟ್ ಹಿಂದಕ್ಕಿರುವ ಬೈಕುಗಳಲ್ಲಿ ಲಿವರ್ ನೇರವಾಗಿ ಎಂಜಿನ್ನಿಗೆ ಜೋಡಿಸಿರುವುದಿಲ್ಲ. ಲಿವರ್‌ನಿಂದ ಒಂದು ಲಿಂಕ್ ರಾಡ್ ಹೊರಟು ಚಿಕ್ಕ ತೋಳೊಂದನ್ನು ಎಳೆಯುತ್ತದೆ. ಆ ತೋಳು ಎಂಜಿನ್ನಿನಿಂದ ಹೊರಗೆ ಚಾಚಿದ ಗೇರ್ ಶಾಫ್ಟಿನ ತುದಿಯಲ್ಲಿದೆ. ಶಾಫ್ಟ್ ತುಸು ತಿರುಗಿದಾಗ ಒಳಗಿನ ಶಿಫ್ಟ್ ಡ್ರಮ್ ಒಂದು ಹೆಜ್ಜೆ ತಿರುಗುತ್ತದೆ. ಡ್ರಮ್ಮಿನ ಮೇಲಿನ ಅಂಕುಡೊಂಕು ಗಾಡಿಯಲ್ಲಿ ಕೂತ ಶಿಫ್ಟ್ ಫೋರ್ಕ್‌ಗಳು ಪಕ್ಕಕ್ಕೆ ಸರಿದು ಗೇರುಗಳನ್ನು ತಳ್ಳುತ್ತವೆ. ಒಂದು ಗೇರಿನ ಉಬ್ಬುಹಲ್ಲು ಇನ್ನೊಂದರ ಕಿಂಡಿಯಲ್ಲಿ ಕೂತಾಗ ಗೇರ್ ಬಿತ್ತು ಎಂದರ್ಥ.

ಡ್ರಮ್ ಪೂರ್ತಿ ಹೆಜ್ಜೆ ತಿರುಗದೆ ನಡುವೆ ನಿಂತರೆ ಯಾವ ಗೇರೂ ಕೂರುವುದಿಲ್ಲ. ಅದೇ ಫಾಲ್ಸ್ ನ್ಯೂಟ್ರಲ್. ಬೈಪಾಸ್‌ನಲ್ಲಿ ನನಗಾದದ್ದು ಅದು.

ಹಾಗಾದರೆ ಡ್ರಮ್ ಅರ್ಧಕ್ಕೆ ನಿಲ್ಲುವುದೇಕೆ? ಕಾಲಿನ ಚಲನೆ ಡ್ರಮ್ಮಿನವರೆಗೆ ಪೂರ್ತಿ ತಲುಪದಿರುವುದು ಒಂದು ಕಾರಣ. ದಾರಿಯಲ್ಲಿ ಎಲ್ಲೋ ಅದು ಸೋರಿಹೋಗುತ್ತಿರುತ್ತದೆ. ಎಲ್ಲಿ ಎಂದು ಹುಡುಕುವುದೇ ರಿಪೇರಿ.

ದುಡ್ಡಿಲ್ಲದ ರಿಪೇರಿ ಮೊದಲು

ಕಾಕಾ ಮೊದಲು ಕ್ಲಚ್ ಲಿವರ್ ಮುಟ್ಟಿದರು. ಕೇಬಲ್ ಬಹಳ ಸಡಿಲವಾಗಿತ್ತು. ಲಿವರ್ ಪೂರ್ತಿ ಹಿಡಿದರೂ ಕ್ಲಚ್ ಪೂರ್ತಿ ಬಿಡುತ್ತಿರಲಿಲ್ಲ. ಹಾಗಿದ್ದಾಗ ಗೇರ್ ಬಿಗಿಯಾಗುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ನ್ಯೂಟ್ರಲ್ ಸಿಗುವುದಿಲ್ಲ. ಅನೇಕ ಬೈಕುಗಳಲ್ಲಿ ಲಿವರ್ ತುದಿ 10ರಿಂದ 20 ಮಿ.ಮೀ. ಸಡಿಲ ಇರಬೇಕು. ಸರಿಯಾದ ಅಳತೆ ಬೈಕಿನ ಜೊತೆ ಬರುವ ಕೈಪಿಡಿಯಲ್ಲೇ ಇರುತ್ತದೆ. ಪಾನಾ ತೆಗೆದುಕೊಂಡು ಅದನ್ನು ಸರಿಪಡಿಸಲು ಎರಡು ನಿಮಿಷ ಸಾಕಾಯಿತು.

ಆಮೇಲೆ ಚೈನ್. ಜೋತುಬಿದ್ದು ಒಣಗಿತ್ತು. ಬಿಗಿ ಮಾಡಿ ಲ್ಯೂಬ್ ಹಾಕಿದರು. ಆಯಿಲ್ ಯಾವುದು ಎಂದು ಕೇಳಿದರು. ಬಹಳಷ್ಟು ಬೈಕುಗಳಲ್ಲಿ ಎಂಜಿನ್, ಗೇರ್ ಬಾಕ್ಸ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಅದಕ್ಕೇ ಕಾರಿನ ಆಯಿಲ್ ಸುರಿಯಬಾರದು, ಡಬ್ಬಿಯ ಮೇಲೆ ಜಾಸೊ ಎಂಎ ಅಥವಾ ಎಂಎ2 ಎಂದಿರುವುದನ್ನು ನೋಡಿಕೊಳ್ಳಬೇಕು ಎಂದರು. ಆಯಿಲ್ ಹಳೆಯದಾದರೂ ಗೇರ್ ಒರಟಾಗುತ್ತದೆ.

ಕೊನೆಗೆ ಅವರ ಕಣ್ಣು ನನ್ನ ಕಾಲಿನ ಮೇಲೆ ಬಿತ್ತು.

‘ಇವು ಯಾವಾಗಿನ ಬೂಟು?’

‘ಕಾರ್ಖಾನೆದಾಗ ಕೊಟ್ಟಾರ ಕಾಕಾ. ಸೇಫ್ಟಿ ಶೂ.’

‘ಗೇರ್ ತಪ್ಪಾಕ ಹತ್ತಿದ್ದು ಯಾವಾಗಿಂದ?’

ಆಗ ಹೊಳೆಯಿತು. ಕೆಲಸಕ್ಕೆ ಸೇರಿದ ಮೇಲೆಯೇ ಅದು ಹೆಚ್ಚಾದದ್ದು! ಚಪ್ಪಲಿ ಹಾಕಿ ಓಡಿಸುತ್ತಿದ್ದವನು ಉಕ್ಕಿನ ಟೋಪಿಯ ದಪ್ಪ ಬೂಟಿಗೆ ಬದಲಾಗಿದ್ದೆ. ಬೂಟಿನ ಮುಂಭಾಗ ಲಿವರ್ ಕೆಳಗೆ ಸರಿಯಾಗಿ ಹೋಗುತ್ತಲೇ ಇರಲಿಲ್ಲ. ತುದಿಯಲ್ಲಿ ತಟ್ಟಿ ಎತ್ತುತ್ತಿದ್ದೆ. ಮೇಲಿನ ಗೇರುಗಳೇ ಹೆಚ್ಚು ತಪ್ಪುತ್ತಿದ್ದುದಕ್ಕೆ ಇದೂ ಒಂದು ಕಾರಣ. ಕಾಕಾ ಲಿಂಕ್ ರಾಡ್‌ನ ಎರಡೂ ತುದಿಯ ನಟ್ ಸಡಿಲಿಸಿ, ರಾಡನ್ನು ನಾಲ್ಕು ಸುತ್ತು ತಿರುಗಿಸಿ ಲಿವರನ್ನು ತುಸು ಮೇಲೆತ್ತಿ ಕೂರಿಸಿದರು.

‘ಗೇರ್ ಎತ್ತಿದ ಕೂಡ್ಲೆ ಕಾಲು ತೆಗೀಬ್ಯಾಡ. ಕ್ಲಚ್ ಬಿಡೂ ತನಕ ಹಂಗ ಹಿಡಿ. ಒಂದು ವಾರ ಓಡ್ಸು, ಎಷ್ಟು ಸಲ ತಪ್ಪತೈತಿ ಬರದಿಡು. ಆಮ್ಯಾಲೆ ಆ ಡಬ್ಬಿ ತಗಿಯೋಣ.’ ದುಡ್ಡು ಕೇಳಲಿಲ್ಲ.

ಉಳಿದ ಅಲುಗಾಟ

ಚೀಟಿಯಲ್ಲಿ ಬರೆದಿಟ್ಟೆ. ಮೊದಲು ದಿನಕ್ಕೆ ಮೂರ್ನಾಲ್ಕು ಸಲ ತಪ್ಪುತ್ತಿದ್ದ ಗೇರ್ ಆ ಇಡೀ ವಾರದಲ್ಲಿ ಐದು ಸಲ ತಪ್ಪಿತು. ಐದೂ ನಾಲ್ಕರಿಂದ ಐದಕ್ಕೆ ಹೋಗುವಾಗಲೇ. ಈಗ ನನ್ನ ಬಳಿ ಕಾಕಾನ ಪ್ರಶ್ನೆಗೆ ಉತ್ತರವಿತ್ತು.

ಮುಂದಿನ ಭಾನುವಾರ ಅವರು ಶಾಫ್ಟಿನ ತುದಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿದರು. ಶಾಫ್ಟ್ ತಿರುಗುವ ಬದಲು ಇಡಿಯಾಗಿ ಓಲಾಡಿತು. ಅದರ ಬುಡದ ಆಯಿಲ್ ಸೀಲ್ ಸುತ್ತ ತೆಳುವಾಗಿ ಎಣ್ಣೆ ಒಸರಿತ್ತು.

ಶಾಫ್ಟಿಗೆ ಹಿಡಿತ ಇರುವುದು ಎಂಜಿನ್ ಒಳಗೆ. ಹೊರತುದಿಗೆ ಏನೂ ಆಸರೆ ಇಲ್ಲ. ಗೋಡೆಗೆ ಹೊಡೆದ ಗೂಟದ ತುದಿಯನ್ನು ದಿನಾ ಎಳೆಯುತ್ತಿದ್ದರೆ ಗೋಡೆಯ ತೂತು ದೊಡ್ಡದಾಗುತ್ತದಲ್ಲ, ಹಾಗೆಯೇ ಇಲ್ಲೂ. ಪ್ರತಿ ಸಲ ಗೇರ್ ಹಾಕಿದಾಗ ತೋಳು ಶಾಫ್ಟನ್ನು ತಿರುಗಿಸುವುದರ ಜೊತೆಗೆ ಒಂದು ಪಕ್ಕಕ್ಕೆ ಎಳೆಯುತ್ತದೆ. ಸಾವಿರಾರು ಸಲ ಹಾಗಾಗಿ ಶಾಫ್ಟ್ ಕೂರುವ ಜಾಗ ಸವೆಯುತ್ತದೆ. ಆಮೇಲೆ ಕಾಲಿನ ಚಲನೆಯ ಒಂದು ಪಾಲು ಶಾಫ್ಟನ್ನು ಓಲಾಡಿಸುವುದರಲ್ಲೇ ಖರ್ಚಾಗಿ, ಉಳಿದದ್ದಷ್ಟೇ ಡ್ರಮ್ ತಲುಪುತ್ತದೆ.

ಶಿಫ್ಟ್ ಸಪೋರ್ಟ್ ಮಾಡುವುದು ಇಷ್ಟೇ: ಗಾಳಿಯಲ್ಲಿದ್ದ ಆ ಹೊರತುದಿಯನ್ನು ಒಂದು ಬೇರಿಂಗಿನಲ್ಲಿ ಹಿಡಿಯುತ್ತದೆ. ಶಾಫ್ಟ್ ತಿರುಗಬಹುದು, ಓಲಾಡುವಂತಿಲ್ಲ. ಚೈನ್ ಸ್ಪ್ರಾಕೆಟ್ ಕವರಿನ ಎರಡು ಬೋಲ್ಟ್ ಬಿಚ್ಚಿ, ಅದೇ ತೂತುಗಳಲ್ಲಿ ಸಪೋರ್ಟನ್ನು ಉದ್ದ ಬೋಲ್ಟಿನಿಂದ ಕೂರಿಸಬೇಕು. ಎಂಜಿನ್ ಬಿಚ್ಚಬೇಕಿಲ್ಲ, ಎಲ್ಲಿಯೂ ಹೊಸ ತೂತು ಕೊರೆಯಬೇಕಿಲ್ಲ.

‘ನೀನ ಹಾಕು’ ಎಂದು ಕಾಕಾ ಆಲನ್ ಕೀ ಕೊಟ್ಟರು. ನಾನು ಹುಮ್ಮಸ್ಸಿನಿಂದ ಒಂದು ಬೋಲ್ಟನ್ನು ಪೂರ್ತಿ ಬಿಗಿದು, ಆಮೇಲೆ ಇನ್ನೊಂದನ್ನು ಬಿಗಿದೆ. ಗೇರ್ ಲಿವರ್ ಒತ್ತಿದರೆ ಕೆಳಗೆ ಹೋದದ್ದು ಮೇಲಕ್ಕೆ ಬರಲೇ ಇಲ್ಲ! ಸಪೋರ್ಟ್ ಕೂದಲೆಳೆಯಷ್ಟು ಓರೆಯಾಗಿ ಕೂತು ಶಾಫ್ಟನ್ನು ಕಚ್ಚಿ ಹಿಡಿದಿತ್ತು. ಹಾಗೇ ರಸ್ತೆಗಿಳಿದಿದ್ದರೆ ಒಂದು ಗೇರ್ ಹಾಕಿದ ಮೇಲೆ ಮುಂದಿನದು ಬೀಳುತ್ತಿರಲಿಲ್ಲ. ಮೊದಲಿಗಿಂತ ದೊಡ್ಡ ಅಪಾಯ.

ಕಾಕಾ ಬೈಯಲಿಲ್ಲ. ಎರಡೂ ಬೋಲ್ಟ್ ಸಡಿಲ ಮಾಡಿಸಿ, ಕೈಯಲ್ಲಿ ಮಾತ್ರ ತಿರುಗಿಸಲು ಹೇಳಿದರು. ಲಿವರನ್ನು ಹತ್ತಾರು ಸಲ ಮೇಲೆ ಕೆಳಗೆ ಆಡಿಸಿ ಬೇರಿಂಗ್ ತಾನೇ ತನ್ನ ಜಾಗ ಹಿಡಿಯಲು ಬಿಟ್ಟರು. ಆಮೇಲೆ ಎರಡನ್ನೂ ಸ್ವಲ್ಪ ಸ್ವಲ್ಪವಾಗಿ, ಒಂದಾದ ಮೇಲೊಂದರಂತೆ ಬಿಗಿಸಿದರು. ಪ್ರತಿ ಸಲ ಬಿಗಿದ ಮೇಲೂ ಲಿವರ್ ಸಲೀಸಾಗಿ ವಾಪಸು ಬರುತ್ತದೆಯೇ ಎಂದು ನೋಡಿದರು. ಎಂಜಿನ್ನಿನ ಅಲ್ಯೂಮಿನಿಯಂನಲ್ಲಿ ಕೂರುವ ಆರು ಮಿ.ಮೀ. ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಬಿಗಿ ಸಾಕು. ಶಕ್ತಿ ತೋರಿಸಲು ಹೋದರೆ ಥ್ರೆಡ್ ಕಿತ್ತುಬರುತ್ತದೆ.

ಕೊಳ್ಳುವ ಮೊದಲು

ನಿಮ್ಮ ಬೈಕಿನ ಗೇರೂ ತಪ್ಪುತ್ತಿದ್ದರೆ ಇಷ್ಟನ್ನು ನೆನಪಿಡಿ:

* ಕ್ಲಚ್ ಕೇಬಲ್, ಚೈನ್, ಆಯಿಲ್, ಲಿವರಿನ ಎತ್ತರ ಮೊದಲು ನೋಡಿ. ಇವು ಸರಿಯಿಲ್ಲದೆ ಸಪೋರ್ಟ್ ಹಾಕಿದರೆ ದುಡ್ಡು ದಂಡ.
* ಎಂಜಿನ್ ಬಂದ್ ಮಾಡಿ ಶಾಫ್ಟಿನ ತುದಿ ಅಲುಗಿಸಿ ನೋಡಿ. ಓಲಾಟ ಇಲ್ಲದಿದ್ದರೆ ಸಪೋರ್ಟಿನಿಂದ ದೊಡ್ಡ ವ್ಯತ್ಯಾಸ ಕಾಣಲಾರದು.
* ಲಿಂಕ್ ರಾಡಿನ ಗುಂಡು ಜಾಯಿಂಟ್ ಸವೆದಿದ್ದರೂ ಇದೇ ತೊಂದರೆ. ಅದನ್ನೂ ಪರೀಕ್ಷಿಸಿ.
* ಹಾಕಿದ ಗೇರ್ ಎಳೆತದಲ್ಲಿ ತಾನೇ ಹಾರಿ ಬರುತ್ತಿದ್ದರೆ ಒಳಗಿನ ಗೇರ್ ಹಲ್ಲು ಅಥವಾ ಫೋರ್ಕ್ ಸವೆದಿರಬಹುದು. ಅದಕ್ಕೆ ಹೊರಗಿನ ಯಾವ ಸಪೋರ್ಟೂ ಮದ್ದಲ್ಲ. ಎಂಜಿನ್ ಬಿಚ್ಚಲೇಬೇಕು.
* ಎಲ್ಲ ಬೈಕಿಗೂ ಹೊಂದುತ್ತದೆ ಎಂಬುದನ್ನು ನಂಬಬೇಡಿ. ನಿಮ್ಮ ಮಾಡೆಲ್ಲಿಗೇ ಮಾಡಿದ್ದು, ಬೇರಿಂಗ್ ಇರುವುದು ಕೊಳ್ಳಿ.
* ಬೈಕಿನ ವಾರಂಟಿ ಇನ್ನೂ ಇದ್ದರೆ ಮೊದಲು ಸರ್ವಿಸ್ ಸೆಂಟರಿಗೆ ತೋರಿಸಿ.
* ಹಾಕಿದ ಮೇಲೆ ಖಾಲಿ ರಸ್ತೆಯಲ್ಲಿ ಎಲ್ಲ ಗೇರ್ ಪರೀಕ್ಷಿಸಿ. ಕೆಲವು ದಿನ ಬಿಟ್ಟು ಬೋಲ್ಟ್ ಸಡಿಲಾಗಿದೆಯೇ ಎಂದು ಮತ್ತೊಮ್ಮೆ ನೋಡಿ.

ಮತ್ತೆ ಅದೇ ಬೈಪಾಸ್

ಸಪೋರ್ಟ್ ಹಾಕಿದ ನಂತರವೂ ಒಂದು ವಾರ ಚೀಟಿ ಬರೆದೆ. ಒಂದೇ ಒಂದು ಗೆರೆ ಬಿತ್ತು. ಅದೂ ನಾನು ಆತುರದಲ್ಲಿ ಕಾಲು ಬೇಗ ತೆಗೆದದ್ದಕ್ಕೆ. ಬೆಣ್ಣೆಯ ಹಾಗೆ ಎಂದೇನೂ ಹೇಳಲಾರೆ. ಲಿವರ್ ಒತ್ತಿದರೆ ಈಗ ಒಂದು ಸ್ಪಷ್ಟ ‘ಟಕ್’ ಸಿಗುತ್ತದೆ, ಗೇರ್ ಬಿತ್ತೋ ಇಲ್ಲವೋ ಎಂಬ ಅನುಮಾನ ಉಳಿದಿಲ್ಲ. ಗುಣ ಬಂದದ್ದರಲ್ಲಿ ಹೆಚ್ಚಿನ ಪಾಲು ಪುಕ್ಕಟೆ ರಿಪೇರಿಯದ್ದು. ಉಳಿದ ಕೊನೆಯ ಪಾಲನ್ನು ಮಾತ್ರ ಆ ಏಳು ನೂರು ರೂಪಾಯಿಯ ತುಂಡು ಸರಿಪಡಿಸಿತು. ಆದರೆ ಬೈಪಾಸ್‌ನಲ್ಲಿ ನನ್ನನ್ನು ಬಸ್ಸಿನ ಎದುರು ನಿಲ್ಲಿಸಿದ್ದೂ ಅಂಥದೇ ನಾಲ್ಕರಿಂದ ಐದರ ತಪ್ಪು. ಹಾಗಾಗಿ ಆ ದುಡ್ಡು ಹೆಚ್ಚಾಯಿತು ಎನಿಸಿಲ್ಲ.

ಚೀಟಿ ಬರೆಯುವ ಅಭ್ಯಾಸ ಮಾತ್ರ ಬೈಕಿನಿಂದ ಕಾರ್ಖಾನೆಗೂ ಬಂತು. ಒಂದು ಮಷೀನಿನಲ್ಲಿ ಪದೇ ಪದೇ ಅಳತೆ ತಪ್ಪುತ್ತಿತ್ತು. ‘ಯಾವಾಗ ಬೇಕಾದರೂ ತಪ್ಪುತ್ತದೆ’ ಎಂದು ಎಲ್ಲರೂ ಅನ್ನುತ್ತಿದ್ದರು. ನಾನು ಮೂರು ದಿನ ಸಮಯ ಬರೆದಿಟ್ಟೆ. ಬೆಳಿಗ್ಗೆ ಮಷೀನ್ ಬಿಸಿಯಾಗುವ ಮೊದಲ ಅರ್ಧ ಗಂಟೆಯಲ್ಲೇ ಹೆಚ್ಚು ತಪ್ಪುತ್ತಿತ್ತು. ಸೂಪರ್‌ವೈಸರ್ ಚೀಟಿ ನೋಡಿ, ‘ಇದನ್ನ ಎಲ್ಲಿ ಕಲಿತಿ?’ ಎಂದು ಕೇಳಿದರು. ಗ್ಯಾರೇಜಿನಲ್ಲಿ ಎಂದೆ.

ಟ್ರೇನಿ ಅವಧಿ ಮುಗಿದು ಕೆಲಸ ಕಾಯಂ ಆದ ದಿನ ಅವ್ವನಿಗೆ ಬೈಪಾಸ್‌ನ ಸಂಗತಿಯನ್ನೂ ಹೇಳಿಬಿಟ್ಟೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೊರಗೆ ಬಂದು ಬೈಕಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ‘ಯಾವುದು, ತೋರ್ಸು’ ಎಂದಳು. ಎಂಜಿನ್ ಪಕ್ಕದ ಆ ಪುಟ್ಟ ತುಂಡನ್ನು ತೋರಿಸಿದೆ. ಅವಳು ಸೆರಗಿನ ತುದಿಯಿಂದ ಅದರ ಮೇಲಿನ ಧೂಳು ಒರೆಸಿದಳು.

‘ನಾಳೆಯಿಂದ ಹತ್ತು ನಿಮಿಷ ಮೊದ್ಲ ಹೊಂಡು. ಲಾರಿ ಹಿಂದ ಹೋದ್ರೂ ನಡಿತೈತಿ’ ಎಂದಳು.

ಈಗ ಏಳು ಗಂಟೆಗೇ ಮನೆ ಬಿಡುತ್ತೇನೆ.