ಚಳಿಯ ಮಾತು, ಉಷ್ಣಮಾಪಕದ ಮಾತು

ಸಿಂಧನೂರು ತಾಲ್ಲೂಕಿನ ಗೊರೇಬಾಳದಲ್ಲಿ ಮಾಗಿಯ ಮುಂಜಾವಿನಲ್ಲಿ ಜನರು ‘ಥಂಡಿ’ ಎಂದು ಕಂಬಳಿ ಹೊದೆಯುವರಾದರೂ ಅಲ್ಲಿನ ಗದ್ದೆಯ ನೀರು ಹೆಪ್ಪುಗಟ್ಟುವುದಿಲ್ಲ. ಅದಕ್ಕೆ ಉಷ್ಣತೆಯು 0 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯಬೇಕು. ಆದುದರಿಂದ ಇಂತಹ ಊರಿನ ವಿದ್ಯಾರ್ಥಿಯು ಇಂಗ್ಲಿಷಿನ ‘ಫ್ರೀಜಿಂಗ್’ ಎಂಬ ಪದವನ್ನು ಪುಸ್ತಕದಿಂದಲೇ ಕಲಿಯಬೇಕಾಗುತ್ತದೆ.

ಭೌತಶಾಸ್ತ್ರದಲ್ಲಿ ಈ ಪದಕ್ಕೆ ಒಂದೇ ಅರ್ಥ: ದ್ರವವು ಘನವಾಗುವುದು. ಆಡುಮಾತಿನಲ್ಲಿ ಹಾಗಲ್ಲ. ‘ಐ ಆಮ್ ಫ್ರೀಜಿಂಗ್’ ಎಂದವನ ರಕ್ತವೇನೂ ಗಡ್ಡೆಕಟ್ಟಿರುವುದಿಲ್ಲ. ನಾವು ‘ಚಳಿಗೆ ಕೈ ಮರಗಟ್ಟಿತು’ ಎನ್ನುವಂತೆ ಅದೂ ಅತಿಶಯೋಕ್ತಿಯೇ. ನಮ್ಮ ‘ಕೊರೆಯುವ ಚಳಿ’ಗೆ ಅವರಲ್ಲಿ ‘ಬೈಟಿಂಗ್ ಕೋಲ್ಡ್’, ಅಂದರೆ ಕಚ್ಚುವ ಚಳಿ. ‘ಬಿಟರ್ಲಿ ಕೋಲ್ಡ್’ ಎಂಬುದೂ ಉಂಟು. ಆದರೆ ‘ಹೆವಿ ಕೋಲ್ಡ್’ ಎಂದರೆ ಹವೆಯ ಚಳಿಯಲ್ಲ, ಜೋರಾದ ನೆಗಡಿ! ನಮ್ಮ ‘ಶೀತ’, ‘ಥಂಡಿ’ಗಳಿಗೂ ಈ ಎರಡರ್ಥಗಳಿರುವುದನ್ನು ನೆನೆದರೆ ಇದು ಸೋಜಿಗವೆನಿಸದು.

ಹೆಚ್ಚಿನ ಎಚ್ಚರ ಬೇಕಾದುದು ಅಳತೆಯ ಮಾತಿನಲ್ಲಿ. ‘ಬಿಲೋ ಫ್ರೀಜಿಂಗ್’ ಎಂದರೆ ನೀರು ಹೆಪ್ಪುಗಟ್ಟುವ ಬಿಂದುವಿಗಿಂತ ಕೆಳಗೆ. ‘ಬಿಲೋ ಜೀರೋ’ ಎಂದಾಗಲಾದರೋ, ಯಾವ ಮಾಪಕದ ಸೊನ್ನೆಯೆಂದು ಕೇಳಬೇಕು. ಅಮೆರಿಕದ ಜನರ ಬಾಯಲ್ಲಿ ಅದು ಫ್ಯಾರನ್‌ಹೀಟ್ ಸೊನ್ನೆ. ಆ ಮಾಪಕದಲ್ಲಿ ನೀರು ಹೆಪ್ಪುಗಟ್ಟುವುದು 32ರಲ್ಲಿ. ಅವರ ಸೊನ್ನೆಯು ನಮ್ಮ ಸೆಲ್ಸಿಯಸ್ ಮಾಪಕದಲ್ಲಿ ಸುಮಾರು -18. ಅಂತಹ ಚಳಿಯಲ್ಲಿ ಬಿರುಸಾದ ಗಾಳಿಯೂ ಬೀಸುತ್ತಿದ್ದರೆ, ಮುಚ್ಚದ ಬೆರಳು, ಕಿವಿಗಳ ಚರ್ಮವು ನಿಜವಾಗಿಯೇ ಹೆಪ್ಪುಗಟ್ಟಬಹುದು. ಆಗ ‘ಫ್ರೀಜಿಂಗ್’ ಎಂಬುದು ಅತಿಶಯೋಕ್ತಿಯಾಗಿ ಉಳಿಯದು. ಓದಲು ಅಲ್ಲಿಗೆ ತೆರಳುವ ನಮ್ಮ ತರುಣ ತರುಣಿಯರು ಹವಾಮಾನದ ಮುನ್ಸೂಚನೆಯನ್ನು ಕೇಳಿದೊಡನೆ ಮಾಪಕ ಯಾವುದೆಂದು ವಿಚಾರಿಸಿ, ಬಳಿಕ ಬಾಗಿಲು ತೆರೆಯುವುದು ಕ್ಷೇಮ.